ಯಾವ ತೋಟದ್ದು ಈ ಕಾಫಿ?

ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳ ಕಾಫಿಪುಡಿ ಅಂಗಡಿಯಲ್ಲಿ ವ್ಯಾಪಾರ ಎರಡೇ ಮಾತಿನಲ್ಲಿ ಮುಗಿಯುತ್ತದೆ. 'ಅರ್ಧ ಪೀಬೆರಿ, ಅರ್ಧ ಪ್ಲಾಂಟೇಷನ್ ಎ' ಎನ್ನುತ್ತಾರೆ ಗಿರಾಕಿ. 'ಚಿಕೋರಿ ಎಷ್ಟು ಹಾಕ್ಲಿ ಸಾರ್?' ಎಂದರೆ 'ಎಂಬತ್ತು ಇಪ್ಪತ್ತು' ಎಂಬ ಉತ್ತರ. ಮಿಷನ್ ಗರಗರ ತಿರುಗುತ್ತದೆ, ಬಿಸಿ ಪುಡಿಯ ಘಮ ರಸ್ತೆಯ ಆಚೆ ಬದಿಗೂ ಹೋಗುತ್ತದೆ. ಬೀಜ ಯಾವ ಊರಿನದು, ಯಾರ ತೋಟದ್ದು, ಯಾವ ತಳಿ ಎಂದು ಗಿರಾಕಿ ಕೇಳುವುದಿಲ್ಲ, ಅಂಗಡಿಯವರು ಹೇಳುವುದೂ ಇಲ್ಲ. ಮಾವಿನಹಣ್ಣಿನ ಗಾಡಿಯ ಮುಂದೆ ನಿಂತು ರಸಪುರಿಯೋ ಬಾದಾಮಿಯೋ, ರಾಮನಗರದ್ದೋ ಶ್ರೀನಿವಾಸಪುರದ್ದೋ ಎಂದು ವಿಚಾರಿಸಿಯೇ ಕೈಹಾಕುವ ಜನ ದಿನಕ್ಕೆರಡು ಬಾರಿ ಕುಡಿಯುವ ಕಾಫಿಯ ಊರು ಕೇರಿ ಕೇಳಿದವರಲ್ಲ.

ಈಚೆಗೆ ಅದೇ ನಗರಗಳ ಅಂಗಡಿಗಳಲ್ಲಿ ಇನ್ನೊಂದು ಬಗೆಯ ಪೊಟ್ಟಣ ಕಾಣಿಸಿಕೊಂಡಿದೆ. ಕಾಲು ಕಿಲೋ ತೂಕ, ಪುಡಿಯ ಬದಲು ಇಡೀ ಬೀಜ, ಬೆಲೆ ಮಾಮೂಲಿ ಪುಡಿಗಿಂತ ದುಬಾರಿ. ಮೇಲೆ ತೋಟದ ಹೆಸರು, ಬೆಟ್ಟಸಾಲಿನ ಹೆಸರು, ಸಮುದ್ರಮಟ್ಟದಿಂದ ಎಷ್ಟು ಎತ್ತರ, ತಳಿ ಎಸ್.795, ಸಂಸ್ಕರಣೆ ವಾಷ್ಡ್, ಹುರಿದ ದಿನಾಂಕ. ಕೆಳಗೆ ಸಣ್ಣ ಅಕ್ಷರದಲ್ಲಿ 'ಕಿತ್ತಳೆ, ಬೆಲ್ಲ, ಕೋಕೊ'. ಇದನ್ನು ಓದಿ ಕಾಫಿಗೆ ಕಿತ್ತಳೆಯ ಎಸೆನ್ಸ್ ಬೆರೆಸಿದ್ದಾರೆಂದು ಪೊಟ್ಟಣವನ್ನು ತಿರುಗಿ ಇಟ್ಟವರಿದ್ದಾರೆ. ಬೆರೆಸಿರುವುದೇನೂ ಇಲ್ಲ. ಹಾಲು, ಸಕ್ಕರೆ, ಚಿಕೋರಿ ಇಲ್ಲದೆ ಕುಡಿದಾಗ ಬೀಜದಲ್ಲೇ ಸಿಗುವ ರುಚಿಯ ನೆರಳುಗಳವು. ಹುರಿಯುವವರು ತಮ್ಮ ನಾಲಿಗೆಗೆ ಹೊಳೆದದ್ದನ್ನು ಬರೆದಿರುತ್ತಾರೆ, ಅಷ್ಟೆ.

ಇದೇ 'ಸಿಂಗಲ್ ಒರಿಜಿನ್' ಕಾಫಿ. ಒಂದೇ ನೆಲೆಯಿಂದ ಬಂದದ್ದು. ಆ 'ನೆಲೆ' ಎಷ್ಟು ದೊಡ್ಡದು ಎಂಬುದು ಮಾತ್ರ ಮಾರುವವರ ಮೇಲೆ ಹೋಗುತ್ತದೆ. ಇಥಿಯೋಪಿಯಾ ಎಂದು ಬರೆದರೂ ಅದು ಸಿಂಗಲ್ ಒರಿಜಿನ್ನೇ, ಚಿಕ್ಕಮಗಳೂರು ಎಂದರೂ ಸರಿ. ಒಂದೇ ಎಸ್ಟೇಟಿನದಾದರೆ ಇನ್ನೂ ಖಚಿತ. ಅದೇ ಎಸ್ಟೇಟಿನ ಒಂದು ಭಾಗದಲ್ಲಿ, ಒಂದೇ ವಾರದಲ್ಲಿ ಕೊಯ್ದು ಬೇರೆಯಾಗಿಯೇ ಒಣಗಿಸಿದ 'ಮೈಕ್ರೋಲಾಟ್' ಎಲ್ಲಕ್ಕಿಂತ ಸಣ್ಣ ಘಟಕ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ವಯನಾಡಿನ ರೋಬಸ್ಟಾ ಮತ್ತು ಅರಕು ಕಣಿವೆಯ ಅರೇಬಿಕಾದ ಜೊತೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಐದರಲ್ಲಿ ಮೂರು ನಮ್ಮ ಕರ್ನಾಟಕದವೇ. '100% ಅರೇಬಿಕಾ' ಎಂಬ ಮುದ್ರೆಗೂ ಸಿಂಗಲ್ ಒರಿಜಿನ್‌ಗೂ ಸಂಬಂಧವಿಲ್ಲ. ಹತ್ತು ಊರಿನ ಅರೇಬಿಕಾ ಬೆರೆಸಿದರೂ ಆ ಮುದ್ರೆ ಒತ್ತಬಹುದು.

ಐವತ್ತು ವರ್ಷದ ಪೂಲ್

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ತೋಟದ ಹೆಸರು ಲೋಟದವರೆಗೆ ಬರಲು ಇಷ್ಟು ತಡವಾದದ್ದು ಏಕೆ? ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರಗಿರಿಯ ಇಳಿಜಾರಿನಲ್ಲಿ ನೆಟ್ಟರೆಂಬ ಕಥೆ 17ನೇ ಶತಮಾನದ್ದು. ಆ ಹಳೆತನ ಸಾಲಲಿಲ್ಲ, ಏಕೆಂದರೆ ನಡುವೆ ಒಂದು ಕಾನೂನು ಬಂತು.

ಎರಡನೇ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗಾಲಾಗಿದ್ದರು. ಅವರನ್ನು ಉಳಿಸಲೆಂದು ಬಂದ 1942ರ ಕಾಫಿ ಕಾಯ್ದೆಯಡಿ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಿತ್ತು. ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಲು ಅವಕಾಶ. ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೂಟೆಗಳು ಗಾತ್ರ, ದರ್ಜೆಗೆ ತಕ್ಕಂತೆ ವಿಂಗಡಣೆಯಾಗಿ ಒಂದರೊಳಗೊಂದು ಬೆರೆಯುತ್ತಿದ್ದವು. ಬೆಳೆಗಾರನಿಗೆ ಹಣ ಕಂತು ಕಂತಾಗಿ ಬರುತ್ತಿತ್ತು. ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ಕೊಯ್ದವನ ಬೀಜವೂ ಅರೆಗಾಯಿ ಉದುರಿಸಿದವನ ಬೀಜವೂ ಕೊನೆಗೆ ಒಂದೇ ಮೂಟೆಯಲ್ಲಿ. ಅಂಗಡಿಯಲ್ಲಿ ಉಳಿದದ್ದು 'ಪ್ಲಾಂಟೇಷನ್ ಎ', 'ಪೀಬೆರಿ', 'ರೋಬಸ್ಟಾ ಚೆರ್ರಿ' ಎಂಬ ದರ್ಜೆಯ ಹೆಸರುಗಳು. ಆ ಕಾಲದಲ್ಲಿ ಒಂದೇ ತೋಟದ ಕಾಫಿ ಕುಡಿಯುತ್ತಿದ್ದವರೆಂದರೆ ಮನೆಬಳಕೆಗೆ ಇಟ್ಟುಕೊಂಡ ಬೀಜವನ್ನು ಅಡುಗೆಮನೆಯಲ್ಲೇ ಹುರಿದು ಪುಡಿ ಮಾಡಿಕೊಳ್ಳುತ್ತಿದ್ದ ಮಲೆನಾಡಿನ, ಕೊಡಗಿನ ಬೆಳೆಗಾರರ ಕುಟುಂಬಗಳು.

1990ರ ದಶಕದ ಆರಂಭದಿಂದ ಪೂಲ್ ಹಂತ ಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಬೆಳೆಗಾರರು ತಮ್ಮ ಬೆಳೆಯನ್ನು ತಾವೇ ಮಾರುವಂತಾದರು. ಮೊದಲು ವಿದೇಶಿ ಖರೀದಿದಾರರು ತೋಟದ ಹೆಸರು ಹಿಡಿದು ಬಂದರು. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೊಕಾಯ್‌ನಂಥ ಕಂಪನಿಗಳು ದೇಶದೊಳಗಿನ ಗಿರಾಕಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್‌ನಂಥ ಎಸ್ಟೇಟುಗಳ ಹೆಸರು ಪರಿಚಯಿಸಿದವು. ಬಾಬಾಬುಡನ್‌ಗಿರಿಯ ರತ್ನಗಿರಿ ಎಸ್ಟೇಟಿನಂಥವು ಹಣ್ಣನ್ನು ಹುದುಗಿಸುವ ಹೊಸ ವಿಧಾನಗಳಿಗೆ ಹೆಸರಾದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಕುಟುಂಬಗಳು ಕಾಡಿನ ಮರಗಳ ನೆರಳಲ್ಲೇ ಬೆಳೆಯುವ ಕಾಫಿಗೂ ಅದರದೇ ಗಿರಾಕಿಗಳು ಹುಟ್ಟಿಕೊಂಡರು.

ಬೀಜ ಹೇಳುವ ಜಾತಕ

ಪೊಟ್ಟಣದ ಮೇಲಿನ ವಿವರಗಳಲ್ಲಿ ರುಚಿಗೆ ನೇರವಾಗಿ ಸಂಬಂಧಿಸಿದವು ಮೂರು: ತಳಿ, ಸಂಸ್ಕರಣೆ, ಹುರಿತ.

ತಳಿಯಲ್ಲಿ ಹೆಚ್ಚು ಸಿಗುವುದು ಎಸ್.795. ಎಲೆತುಕ್ಕು ರೋಗ ಅರೇಬಿಕಾ ತೋಟಗಳನ್ನು ಬೋಳು ಮಾಡುತ್ತಿದ್ದ ಕಾಲದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ತಯಾರಿಸಿದ ತಳಿ ಇದು. ಈ ಕೇಂದ್ರ ಆರಂಭವಾದದ್ದು 1925ರಲ್ಲಿ. ಅರೇಬಿಕಾ ಮತ್ತು ಲೈಬೀರಿಕಾ ತಾನಾಗಿಯೇ ಕೂಡಿ ಹುಟ್ಟಿದ ಗಿಡವೊಂದರ ಸಂತತಿಗೆ ರೋಗ ತಾಳುವ ಶಕ್ತಿಯಿತ್ತು. ಅದನ್ನು ರುಚಿಗೆ ಹೆಸರಾಗಿದ್ದ ಕೆಂಟ್ ತಳಿಯೊಂದಿಗೆ ಬೆರೆಸಿ 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟರು. ಚಿಕ್ಕಮಗಳೂರಿನಲ್ಲಿ ಇಂದಿಗೂ ಅದು ಗಟ್ಟಿಯಾಗಿ ನಿಂತಿದೆ, ಇಂಡೋನೇಷ್ಯಾದವರೆಗೂ ಹೋಗಿದೆ. ಪೊಟ್ಟಣಗಳಲ್ಲಿ ಕಾಣುವ ಸೆಲೆಕ್ಷನ್ 9, ಕಾವೇರಿ, ಚಂದ್ರಗಿರಿ ಕೂಡ ಬಾಳೆಹೊನ್ನೂರಿನ ದಾರಿಯಲ್ಲೇ ಬಂದವು.

ಸಂಸ್ಕರಣೆ ನಾಲಿಗೆಗೆ ಬೇಗ ಗೊತ್ತಾಗುವ ವ್ಯತ್ಯಾಸ. ಕೊಯ್ದ ದಿನವೇ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹುದುಗಿಸಿ ತೊಳೆದು ಕಣದಲ್ಲಿ ಒಣಗಿಸಿದರೆ ಅದು ವಾಷ್ಡ್, ಬೆಳೆಗಾರರ ಮಾತಿನಲ್ಲಿ ಪಾರ್ಚ್‌ಮೆಂಟ್. ರುಚಿ ಶುಭ್ರ, ಹುಳಿ ಸ್ಪಷ್ಟ. ಹಣ್ಣನ್ನು ಸಿಪ್ಪೆಸಮೇತ ವಾರಗಟ್ಟಲೆ ಒಣಗಿಸಿದರೆ ಅದು ನ್ಯಾಚುರಲ್, ಹಳೆಯ ಹೆಸರು ಚೆರ್ರಿ. ಹಣ್ಣಿನ ಸಿಹಿ, ಕೆಲವೊಮ್ಮೆ ಹುದುಗಿದ ಹಲಸಿನ ವಾಸನೆ ಇದರಲ್ಲಿ ಹೆಚ್ಚು. ಸಿಪ್ಪೆ ತೆಗೆದು ಲೋಳೆ ಉಳಿಸಿ ಒಣಗಿಸುವ 'ಹನಿ' ವಿಧಾನ ಇವೆರಡರ ನಡುವಿನದು. ಹೆಸರು ಜೇನಿನದಾದರೂ ಅದರಲ್ಲಿ ಜೇನಿಲ್ಲ.

ಕರಾವಳಿಯ ಕೊಡುಗೆ ಇನ್ನೊಂದಿದೆ. ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಯೂರೋಪ್ ತಲುಪಲು ತಿಂಗಳುಗಳು ಹಿಡಿಯುತ್ತಿದ್ದಾಗ ಸಮುದ್ರದ ತೇವಕ್ಕೆ ಬೀಜ ಊದಿಕೊಂಡು ಹಳದಿಯಾಗಿ ಹುಳಿ ಕಳೆದುಕೊಳ್ಳುತ್ತಿತ್ತು. ಆ ರುಚಿಗೆ ಒಗ್ಗಿದ್ದ ಗಿರಾಕಿಗಳಿಗೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚುರುಕಾದ ಮೇಲೆ ಬಂದ ಹಸಿರು ಬೀಜ ಹಿಡಿಸಲಿಲ್ಲ. ಮಂಗಳೂರು ಮತ್ತು ಮಲಬಾರಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಹರವಿ, ಕೆದರಿ, ಮೂಟೆ ಬದಲಿಸಿ ಅದೇ ಪರಿಣಾಮವನ್ನು ದಡದಲ್ಲೇ ತರುವ ಉಪಾಯ ಹಾಗೆ ಶುರುವಾಯಿತು. 'ಮಾನ್ಸೂನ್ಡ್ ಮಲಬಾರ್' ಎಂದು ಜಗತ್ತು ಅದನ್ನು ಗುರುತಿಸುತ್ತದೆ. ಹುಳಿ ಆಗದವರು ಸಿಂಗಲ್ ಒರಿಜಿನ್ ಕುಡಿಯಲು ಇಲ್ಲಿಂದ ಶುರುಮಾಡಬಹುದು.

ಹುರಿತದ ಬಗ್ಗೆ ಹೇಳಬೇಕಾದ್ದು ಇಷ್ಟೇ. ಬೀಜ ಕಪ್ಪಾದಷ್ಟೂ ತೋಟದ ಗುರುತು ಮಸುಕಾಗಿ ಹುರಿದ ರುಚಿ ಮುಂದೆ ಬರುತ್ತದೆ. ಎಣ್ಣೆ ಬಿಟ್ಟು ಹೊಳೆಯುವಷ್ಟು ಕಪ್ಪಾದ ಬೀಜಕ್ಕೆ ತೋಟದ ಹೆಸರಿನ ಬೆಲೆ ಕೊಡುವುದು ದಂಡ. ಲೈಟ್ ಅಥವಾ ಮೀಡಿಯಂ ಹುರಿತ ಸಾಕು.

ತಕ್ಕಡಿ, ಗ್ರೈಂಡರ್, ಕೆಟಲ್

ಮನೆಯಲ್ಲಿ ಇದನ್ನು ಮಾಡಲು ಬೇಕಾದ ಸಲಕರಣೆಗಳಲ್ಲಿ ಮೊದಲನೆಯದು ಗ್ರಾಂ ಲೆಕ್ಕ ತೋರುವ ಅಡುಗೆಮನೆಯ ತಕ್ಕಡಿ. ಚಮಚದ ಅಳತೆ ಕೈಕೊಡುತ್ತದೆ, ಏಕೆಂದರೆ ಲೈಟಾಗಿ ಹುರಿದ ಬೀಜ ಭಾರ, ಕಪ್ಪಾಗಿ ಹುರಿದದ್ದು ಹಗುರ. ಎರಡನೆಯದು ಬೀಜವನ್ನು ಕತ್ತರಿಸದೆ ಹಲ್ಲುಗಳ ನಡುವೆ ಅರೆಯುವ, ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್. ಮಿಕ್ಸಿಯ ಅಲಗು ಬೀಜವನ್ನು ಒಡೆಯುವಾಗ ರವೆಯೂ ಹಿಟ್ಟೂ ಒಟ್ಟಿಗೆ ಬರುತ್ತವೆ. ಹಿಟ್ಟು ಬೇಗ ಕಹಿ ಬಿಡುತ್ತದೆ, ರವೆ ರಸ ಬಿಡುವುದೇ ಇಲ್ಲ. ಗ್ರೈಂಡರ್ ಇಲ್ಲದವರು ತಮ್ಮ ಸಲಕರಣೆ ಯಾವುದೆಂದು ಹೇಳಿ ಅಂಗಡಿಯಲ್ಲೇ ಪುಡಿ ಮಾಡಿಸಿ, ಎರಡು ವಾರದೊಳಗೆ ಮುಗಿಸುವುದು ಲೇಸು.

ಕಾಫಿ ಇಳಿಸಲು ಹಲವು ಸಾಧನಗಳಿವೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಜ್ ಎಂಬ ಗೃಹಿಣಿ ತೂತು ಕೊರೆದ ಪಾತ್ರೆಗೆ ಮಗನ ಪುಸ್ತಕದ ಬ್ಲಾಟಿಂಗ್ ಪೇಪರ್ ಹಾಸಿ ಕಾಫಿ ಸೋಸಿದ ಮೇಲೆ ಕಾಗದದ ಫಿಲ್ಟರ್ ಹುಟ್ಟಿತು. ಇಂದು ನಗರಗಳಲ್ಲಿ ಸಾಮಾನ್ಯವಾಗಿರುವ ಜಪಾನಿನ ಹಾರಿಯೊ ವಿ60 ಡ್ರಿಪ್ಪರ್ ಅದರ ದೂರದ ಸಂಬಂಧಿ. ಫ್ರೆಂಚ್ ಪ್ರೆಸ್, ಏರೋಪ್ರೆಸ್ ಯಾವುದಾದರೂ ಆದೀತು.

ಡ್ರಿಪ್ಪರಿನಲ್ಲಿ ಒಂದು ಕಪ್‌ಗೆ 15 ಗ್ರಾಂ ಬೀಜ, 240 ಮಿ.ಲೀ. ನೀರು. ಪುಡಿ ಬನ್ಸಿ ರವೆಗಿಂತ ತುಸು ಸಣ್ಣ. ಕಾಗದವನ್ನು ಅಂಚು ಮಡಚಿ ಕೂರಿಸಿ, ಬಿಸಿನೀರು ಹುಯ್ದು ತೊಯ್ಸಿ, ಆ ನೀರು ಚೆಲ್ಲಬೇಕು. ಇಲ್ಲವಾದರೆ ಕಾಗದದ ವಾಸನೆ ಕಾಫಿಗೆ ಹತ್ತುತ್ತದೆ. ಪುಡಿ ಹಾಕಿ, ಡ್ರಿಪ್ಪರನ್ನು ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಮೊದಲು ಸುಮಾರು 40 ಮಿ.ಲೀ. ನೀರು ಮಾತ್ರ ಹುಯ್ಯಬೇಕು. ಪುಡಿ ನೊರೆನೊರೆಯಾಗಿ ಉಬ್ಬುತ್ತದೆ, ಗುಳ್ಳೆಗಳು ಒಡೆಯುತ್ತವೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವ ಗಳಿಗೆ ಇದು. ಏನೂ ಉಬ್ಬದಿದ್ದರೆ ಬೀಜ ಹಳತಾಗಿದೆ ಎಂದೇ ಲೆಕ್ಕ. ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ ಬಿಟ್ಟು ಉಳಿದ ನೀರನ್ನು ಎರಡು ಮೂರು ಕಂತಿನಲ್ಲಿ, ನಡುವಿನಿಂದ ಅಂಚಿಗೆ ಸುತ್ತುತ್ತ ಕೆಟಲಿನಿಂದ ಸಣ್ಣ ಧಾರೆಯಾಗಿ ಹುಯ್ಯಬೇಕು. ಕೊನೆಯ ಹನಿ ಇಳಿಯುವ ಹೊತ್ತಿಗೆ ಗಡಿಯಾರ ಮೂರು, ಮೂರೂವರೆ ನಿಮಿಷ ತೋರಿಸಿದರೆ ಲೆಕ್ಕ ಸರಿ.

ನೀರಿನ ಬಿಸಿ 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಲಿ ಎನ್ನುತ್ತಾರೆ. ಘಟ್ಟದ ಮೇಲಿನವರು ಥರ್ಮಾಮೀಟರಿಗೆ ಹಣ ಹಾಕಬೇಕಿಲ್ಲ. ಎತ್ತರ 300 ಮೀಟರ್ ಏರಿದಂತೆಲ್ಲ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ, ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಕೆಳಗೆ. ಕುದಿ ನಿಂತ ಕೂಡಲೇ ಹುಯ್ಯಬಹುದು. ಮಂಗಳೂರು, ಉಡುಪಿಯವರು ಒಲೆ ಆರಿಸಿ ಒಂದು ನಿಮಿಷ ತಾಳಲಿ.

ಕಾಫಿಯಲ್ಲಿ ಶೇ 98ಕ್ಕೂ ಹೆಚ್ಚು ಭಾಗ ನೀರೇ. ಗಡಸಾದ ಬೋರ್‌ವೆಲ್ ನೀರು ಹುಳಿಯನ್ನು ನುಂಗಿ ಕಾಫಿಯನ್ನು ಸಪ್ಪೆ ಮಾಡುತ್ತದೆ. ಲವಣವೆಲ್ಲ ಕಳೆದ ಆರ್‌ಒ ನೀರಿನಲ್ಲೂ ರುಚಿ ಸರಿಯಾಗಿ ಇಳಿಯುವುದಿಲ್ಲ. ಅಂತರರಾಷ್ಟ್ರೀಯ ಸ್ಪೆಷಾಲಿಟಿ ಕಾಫಿ ಸಂಘದ ಮಾನದಂಡ ಲೀಟರಿಗೆ 150 ಮಿಲಿಗ್ರಾಂ ಕರಗಿದ ಲವಣ. ಅಷ್ಟು ಅಳೆಯಲಾಗದವರು ಆರ್‌ಒ ನೀರಿಗೆ ಕುದಿಸಿ ಆರಿಸಿದ ನಲ್ಲಿ ನೀರನ್ನು ಸ್ವಲ್ಪ ಬೆರೆಸಿ ನೋಡಬಹುದು.

ಮನೆಯ ಫಿಲ್ಟರ್ ಸಾಲದೇ?

ಸಾಲುತ್ತದೆ. ಎರಡು ಅಂತಸ್ತಿನ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್ ಕೂಡ ನೀರು ತನ್ನ ಭಾರಕ್ಕೆ ತಾನೇ ಪುಡಿಯ ಮೂಲಕ ಇಳಿಯುವ ಸಾಧನವೇ. ಬದಲಿಸಬೇಕಾದ್ದು ಮೂರು. ಚಿಕೋರಿ ಬೇಡ, ಪುಡಿ ಮಾಮೂಲಿಗಿಂತ ತರಿಯಾಗಿರಲಿ, ಮೇಲಿನ ಒತ್ತುಬಿಲ್ಲೆಯನ್ನು ಅದುಮದೆ ಸುಮ್ಮನೆ ಕೂರಿಸಲಿ. 20 ಗ್ರಾಂ ಪುಡಿಗೆ 120 ಮಿ.ಲೀ. ನೀರು ಹುಯ್ದು, ಇಳಿದ ಡಿಕಾಕ್ಷನ್‌ಗೆ ರುಚಿ ನೋಡುತ್ತ ಬಿಸಿನೀರು ಬೆರೆಸಿಕೊಂಡರೆ ತೋಟದ ಗುರುತು ತಿಳಿಯುವಂಥ ಕಪ್ಪು ಕಾಫಿ ಸಿದ್ಧ.

ಚಿಕೋರಿಯ ಮೇಲೆ ದ್ವೇಷವೇನಿಲ್ಲ. ಹುರಿದ ಆ ಬೇರು ಡಿಕಾಕ್ಷನ್‌ಗೆ ಬಣ್ಣ, ಮಂದ, ಒಂದು ಬಗೆಯ ಕಹಿ ಸಿಹಿ ಕೊಡುತ್ತದೆ, ಹಾಲಿಗೆ ಹೊಂದುತ್ತದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕೆನ್ನುತ್ತದೆ ಆಹಾರ ಕಾನೂನು. ಅಂದರೆ ಪೊಟ್ಟಣದ ಅರ್ಧದ ಹತ್ತಿರದಷ್ಟು ಕಾಫಿಯೇ ಅಲ್ಲದಿರಬಹುದು. ಅಂಥದರಲ್ಲಿ ತೋಟ ಹುಡುಕುವುದು ಸಾಧ್ಯವಿಲ್ಲ, ಅಷ್ಟೆ.

ಹಾಲಿನ ಮಾತೂ ಹಾಗೆಯೇ. ಲೈಟಾಗಿ ಹುರಿದ ವಾಷ್ಡ್ ಅರೇಬಿಕಾಕ್ಕೆ ಹಾಲು ಹಾಕಿದರೆ ಹುಳಿಯೂ ಹಾಲೂ ಜಗಳವಾಡುತ್ತವೆ. ಹಾಲಿಲ್ಲದೆ ಬೆಳಗಾಗದವರು ಮೀಡಿಯಂ–ಡಾರ್ಕ್ ಹುರಿತದ ಎಸ್.795 ಅಥವಾ ಕೊಡಗಿನ ವಾಷ್ಡ್ ರೋಬಸ್ಟಾ ಕೊಳ್ಳಲಿ. ರೋಬಸ್ಟಾ ಎಂದರೆ ಅಗ್ಗದ್ದು ಎಂಬ ಭಾವನೆ ಬೇರೂರಿದೆ. ಭಾರತ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಅದೇ. 'ರೋಬಸ್ಟಾ ಕಾಪಿ ರಾಯಲ್' ಎಂಬ ದರ್ಜೆಯ ನಮ್ಮ ತೊಳೆದ ರೋಬಸ್ಟಾವನ್ನು ಎಸ್ಪ್ರೆಸೊ ಮಿಶ್ರಣಗಳಿಗೆ ಹೊರದೇಶದವರು ಕೇಳಿ ಕೊಳ್ಳುತ್ತಾರೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ 1.2, ರೋಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಎರಡು ಪಟ್ಟು. ಸಂಜೆಯ ಲೋಟ ತುಂಬಿಸುವಾಗ ಇದು ನೆನಪಿರಲಿ.

ಸೊರ್ರೆಂದು ಹೀರುವುದೂ ಒಂದು ಕಸುಬು

ಕಾಫಿಯ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಕಾಫಿ ಮಂಡಳಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದು, ಬಳಿಕ ಬೆಂಗಳೂರಿನಲ್ಲಿ 'ಕಾಫಿಲ್ಯಾಬ್' ಕಟ್ಟಿದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿತಜ್ಞೆ ಎನ್ನುತ್ತಾರೆ. ಇಂಥ ರುಚಿತಜ್ಞರ ವಿಧಾನಕ್ಕೆ 'ಕಪ್ಪಿಂಗ್' ಎಂದು ಹೆಸರು. ಅದನ್ನು ಅಡುಗೆಮನೆಯಲ್ಲೂ ಮಾಡಬಹುದು, ಫಿಲ್ಟರ್ ಕೂಡ ಬೇಕಾಗುವುದಿಲ್ಲ.

ಎರಡು ಬೇರೆ ಬೇರೆ ಕಾಫಿ ತೆಗೆದುಕೊಳ್ಳಬೇಕು. ಒಂದೇ ಕಾಫಿಯ ರುಚಿ ನೋಡಿದರೆ 'ಚೆನ್ನಾಗಿದೆ' ಎಂಬುದಕ್ಕಿಂತ ಹೆಚ್ಚು ಹೊಳೆಯುವುದಿಲ್ಲ, ಪಕ್ಕದಲ್ಲಿ ಇನ್ನೊಂದಿದ್ದಾಗಲೇ ವ್ಯತ್ಯಾಸ ಮಾತಾಡುತ್ತದೆ. ಒಂದೇ ತೋಟದ ವಾಷ್ಡ್ ಮತ್ತು ನ್ಯಾಚುರಲ್ ಸಿಕ್ಕರೆ ಉತ್ತಮ ಆರಂಭ. ಎರಡು ಗಾಜಿನ ಲೋಟಗಳಲ್ಲಿ ತಲಾ 11 ಗ್ರಾಂ ತರಿಪುಡಿ ಹಾಕಿ ಒಣಗಿದ್ದಾಗಲೇ ಮೂಸಿ ನೋಡಿ, ತಲಾ 200 ಮಿ.ಲೀ. ಬಿಸಿನೀರು ಹುಯ್ಯಬೇಕು. ಪುಡಿ ಮೇಲೇರಿ ಕೆನೆಯಂತೆ ಕಟ್ಟುತ್ತದೆ. ನಾಲ್ಕು ನಿಮಿಷದ ಮೇಲೆ ಮೂಗನ್ನು ಲೋಟದ ಬಾಯಿಗೆ ತಂದು ಚಮಚದ ಬೆನ್ನಿನಿಂದ ಆ ಪದರ ಒಡೆಯಬೇಕು. ಘಮ ಅತಿ ಹೆಚ್ಚು ಏಳುವುದು ಆಗಲೇ. ನೊರೆ ತೆಗೆದು ಇನ್ನೂ ಏಳೆಂಟು ನಿಮಿಷ ಆರಲು ಬಿಟ್ಟು, ಚಮಚದಲ್ಲಿ ತೆಗೆದು ಸೊರ್ರೆಂದು ಹೀರಬೇಕು. ಮನೆಯಲ್ಲಿ ಹಿರಿಯರು ಗದರಬಹುದು, ಆದರೆ ಈ ಸದ್ದಿಗೆ ಕಾರಣವಿದೆ. ಗಾಳಿಯೊಂದಿಗೆ ಹನಿಯಾಗಿ ಚದುರಿದ ಕಾಫಿ ನಾಲಿಗೆಯ ಎಲ್ಲ ಕಡೆ ತಲುಪುತ್ತದೆ, ಅದರ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಬಿಸಿ ಇದ್ದಾಗ ಅಡಗಿದ್ದ ಸಿಹಿ, ಹುಳಿಗಳು ಉಗುರುಬೆಚ್ಚಗಾದಾಗ ಎದ್ದು ಬರುವುದರಿಂದ ಹದಿನೈದು ಇಪ್ಪತ್ತು ನಿಮಿಷದವರೆಗೆ ಮತ್ತೆ ಮತ್ತೆ ರುಚಿ ನೋಡಬೇಕು. ಕಾಫಿ ಕೆಟ್ಟದ್ದಾದರೆ ಅದೂ ಆರಿದ ಮೇಲೆಯೇ ಬಯಲಾಗುತ್ತದೆ.

1995ರಲ್ಲಿ ಅಮೆರಿಕದಲ್ಲಿ ರೂಪುಗೊಂಡು 2016ರಲ್ಲಿ ಪರಿಷ್ಕೃತವಾದ 'ಫ್ಲೇವರ್ ವ್ಹೀಲ್' ಎಂಬ ಚಕ್ರಚಿತ್ರದಲ್ಲಿ ರುಚಿಗಳ ಪಟ್ಟಿಯೇ ಇದೆ. ಬ್ಲೂಬೆರಿ, ರಾಸ್‌ಬೆರಿ ತಿಂದು ಬೆಳೆಯದವರು ಅದಕ್ಕೆ ಅಂಜಬೇಕಿಲ್ಲ. ಚಕ್ಕೋತ, ಪುನರ್ಪುಳಿ, ನೇರಳೆ, ಜೋನಿಬೆಲ್ಲ, ಹುರಿಗಡಲೆ, ಒಣ ಅಂಜೂರ ಹೀಗೆ ತಮಗೆ ಪರಿಚಿತವಾದದ್ದನ್ನು ಬರೆದುಕೊಂಡರಾಯಿತು.

ಮೊದಮೊದಲು ಕಾಡುವ ಅನುಮಾನ ಹುಳಿಯದು. ಒಳ್ಳೆಯ ಕಾಫಿಯ ಹುಳಿಯ ಬೆನ್ನಿಗೆ ಸಿಹಿ ಇರುತ್ತದೆ, ಬಾಯಲ್ಲಿ ನೀರೂರುತ್ತದೆ. ಚುಚ್ಚುವ ಬರೀ ಹುಳಿ ಬಂದು, ಕಾಫಿ ತೆಳ್ಳಗೆ ಎನಿಸಿದರೆ ರಸ ಪೂರ್ತಿ ಇಳಿದಿಲ್ಲ ಎಂದರ್ಥ. ಮುಂದಿನ ಬಾರಿ ಪುಡಿಯನ್ನು ಇನ್ನಷ್ಟು ಸಣ್ಣ ಮಾಡಬೇಕು. ನಾಲಿಗೆ ಒಣಗಿಸುವ ಕಹಿ, ಒಗರು ಬಂದರೆ ಅತಿಯಾಗಿ ಇಳಿದಿದೆ, ಪುಡಿ ದಪ್ಪವಾಗಲಿ. ಹುರಿದ ಬೀಜದ ತೂಕದಲ್ಲಿ ಸುಮಾರು ಶೇ 30 ನೀರಿನಲ್ಲಿ ಕರಗಬಲ್ಲದು, ನಾಲಿಗೆಗೆ ಹಿತವಾಗುವುದು ಬೀಜದ ತೂಕದ ಶೇ 18ರಿಂದ 22ರಷ್ಟು ಇಳಿದಾಗ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪುಡಿ, ನೀರು, ಬಿಸಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಸುಧಾರಿಸಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಕೊಳ್ಳುವ ಮುನ್ನ

ಹುರಿದ ದಿನಾಂಕವಿಲ್ಲದ ಪೊಟ್ಟಣವನ್ನು ತೋಟದ ಹೆಸರು ಎಷ್ಟೇ ದೊಡ್ಡದಿದ್ದರೂ ಬಿಟ್ಟುಬಿಡಬಹುದು. ಹುರಿದ ಮೊದಲ ಕೆಲವು ದಿನ ಬೀಜದಿಂದ ಅನಿಲ ಹೊರಹೋಗುತ್ತಿರುತ್ತದೆ. ವಾರ ಕಳೆದ ಮೇಲೆ ರುಚಿ ನೆಲೆಗೊಂಡು ಒಂದು ತಿಂಗಳು, ಒಂದೂವರೆ ತಿಂಗಳು ಚೆನ್ನಾಗಿರುತ್ತದೆ. ಹಾಗಾಗಿ ಕಾಲು ಕಿಲೋಗಿಂತ ಹೆಚ್ಚು ಒಮ್ಮೆಗೇ ಕೊಳ್ಳುವುದು ಬೇಡ. ಫ್ರಿಜ್ಜಿನಲ್ಲಿಟ್ಟರೆ ತೇವ, ಮಸಾಲೆ ವಾಸನೆ ಎರಡನ್ನೂ ಹೀರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಬಿಸಿಲು, ಒಲೆಯಿಂದ ದೂರ ಇಟ್ಟರೆ ಸಾಕು.

ಕರ್ನಾಟಕದಲ್ಲಿ ಅರೇಬಿಕಾ ಕೊಯ್ಲು ನಡೆಯುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಅದರ ಹಿಂದೆ. ಒಣಗಿ, ಸಿಪ್ಪೆ ತೆಗೆಸಿ, ದರ್ಜೆ ಮಾಡಿ ಹೊಸ ಬೆಳೆಯ ಬೀಜ ಹುರಿಯುವವರ ಕೈಸೇರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಆ ಹೊತ್ತಿನಲ್ಲಿ ಅಂಗಡಿಗೆ ಹೋದವರು ಇದು ಯಾವ ವರ್ಷದ ಕೊಯ್ಲು, ಯಾವ ತೋಟದ್ದು, ಹುರಿದದ್ದು ಯಾವಾಗ ಎಂಬ ಮೂರು ಪ್ರಶ್ನೆ ಕೇಳಲಿ. ಮೂರಕ್ಕೂ ತಡವರಿಸದೆ ಉತ್ತರ ಕೊಡುವ ಅಂಗಡಿಯಲ್ಲೇ ಕೊಳ್ಳಲಿ.